ಬುಡ ಮುಚ್ಚಿದರೆ ಗಿಡ ಸೊರಗುತ್ತದೆ: ಬೇಲಿಗಿಡ, ಹೂಗಿಡಗಳ ತೊಂದರೆ ಪತ್ತೆ ಮಾಡುವ ಬಗೆ

ಮೈಸೂರಿನ ನಮ್ಮ ಮನೆ ಮುಂದೆ ಕಾಂಪೌಂಡಿನ ಉದ್ದಕ್ಕೂ 18 ಕೇಪಳದ ಗಿಡಗಳಿದ್ದವು. ನರ್ಸರಿಯವರು ಇಕ್ಸೋರಾ ಎನ್ನುವ, ಕೆಂಪು ಗೊಂಚಲು ಹೂವಿನ ಗಿಡ. ಮೊದಲ ವರ್ಷ ಎಲ್ಲವೂ ಚೆನ್ನಾಗಿ ಬಂದವು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ 7 ಗಿಡ ಬಿಳಿಚಿಕೊಂಡವು. ಹೊಸ ಎಲೆ ಸಣ್ಣದಾಗಿ ಬರತೊಡಗಿತು. ಮಧ್ಯಾಹ್ನ ಜೋಲು ಬೀಳುತ್ತಿದ್ದವು, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿದ್ದವು. ನೀರು ಸಾಲುತ್ತಿಲ್ಲ ಅಂದುಕೊಂಡು ನೀರು ಜಾಸ್ತಿ ಕೊಟ್ಟೆವು. ಆಮೇಲೆ ಗೊಬ್ಬರ ಹಾಕಿದೆವು. ಆಮೇಲೆ ಔಷಧ ಹೊಡೆದೆವು. ಗಿಡ ಇಳಿಯುತ್ತಲೇ ಹೋಯಿತು.

ಕೊನೆಗೆ ಒಂದು ಗಿಡದ ಬುಡ ಕೆದಕಿ ನೋಡಿದೆ. ಮೇಲೆ 4 ಇಂಚು ತೆಂಗಿನ ಸಿಪ್ಪೆ ಮತ್ತು ನಾರಿನ ಹುಡಿ. ಅದರ ಕೆಳಗೆ 3 ಇಂಚು ಮಣ್ಣು. ಅದಾದ ಮೇಲೆ ಮೊದಲ ಬೇರು ಸಿಕ್ಕಿತು. ಬೇರಿನ ತಲೆಯ ಮೇಲೆ ಒಟ್ಟು 7 ಇಂಚು ಹೊರೆ! ಎಲೆಯಲ್ಲಿ ಹುಡುಕುತ್ತಿದ್ದ ರೋಗ ಬುಡದಲ್ಲಿತ್ತು.

ಅಂದಿನಿಂದ ನೆಂಟರ ಮನೆ, ಅಪಾರ್ಟ್‌ಮೆಂಟಿನ ತೋಟ, ಹೊಸ ಲೇಔಟಿನ ಪಾರ್ಕು, ಎಲ್ಲಿ ಹೋದರೂ ಮೊದಲು ಬುಡ ನೋಡುತ್ತೇನೆ. ಇದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ನಿಮ್ಮ ಗಿಡಕ್ಕೂ ಇದೇ ಆಗಿದೆಯಾ, ಆಗಿದ್ದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಗುರುತು ಕಂಡರೆ ಅನುಮಾನ ಪಡಬೇಕು

ಆಳ ನೆಟ್ಟ ಗಿಡ ಒಂದೇ ವಾರದಲ್ಲಿ ಸಾಯುವುದು ಅಪರೂಪ. ಅದಕ್ಕೇ ಕಾರಣ ಹೊಳೆಯುವುದಿಲ್ಲ. ಕೂಡಿಟ್ಟ ಆಹಾರದ ಮೇಲೆ ಅದು ಒಂದು, ಎರಡು, ಕೆಲವೊಮ್ಮೆ ಮೂರು ವರ್ಷ ತಳ್ಳುತ್ತದೆ. ಅಷ್ಟರಲ್ಲಿ ನೆಟ್ಟ ದಿನ ಏನಾಗಿತ್ತು ಅನ್ನುವುದು ನಮಗೆ ಮರೆತೇ ಹೋಗಿರುತ್ತದೆ.

ನೆತ್ತಿಯಲ್ಲಿ ಎಲೆ ತೆಳುವಾಗುವುದು ಮೊದಲ ಗುರುತು. ಗಿಡದ ಆಚೆಗಿನ ಗೋಡೆ ಕಾಣತೊಡಗುತ್ತದೆ. ಎಲೆ ಸಣ್ಣದು, ಬಣ್ಣ ಮಾಸಲು. ಹೂ ಕಡಿಮೆಯಾಗುತ್ತದೆ, ಇಲ್ಲವೇ ಒಮ್ಮೆ ವಿಪರೀತ ಹೂ ಬಿಟ್ಟು ನಿಂತುಬಿಡುತ್ತದೆ. ರೆಂಬೆಯ ತುದಿಗಳು ಒಣಗುತ್ತವೆ. ಮಣ್ಣು ಒದ್ದೆಯಿದ್ದರೂ ಗಿಡ ಬಾಡುವುದು ಇವೆಲ್ಲಕ್ಕಿಂತ ದೊಡ್ಡ ಸುಳಿವು. ಒಣಮಣ್ಣಿನಲ್ಲಿ ಬಾಡಿದರೆ ನೀರು ಬೇಕು ಎಂದರ್ಥ. ಒದ್ದೆ ಮಣ್ಣಿನಲ್ಲಿ ಬಾಡಿದರೆ, ನೀರಿದ್ದರೂ ಬೇರು ಅದನ್ನು ಎತ್ತಲಾರದು ಎಂದರ್ಥ. ಆಗ ಇನ್ನೂ ನೀರು ಹಾಕಿದರೆ ಬೇರಿಗೆ ನಾವೇ ಕೆಡುಕು ಮಾಡಿದ ಹಾಗೆ.

ಕಾಂಡದ ಬುಡವನ್ನೂ ಗಮನಿಸಿ. ಬೀಜದಿಂದ ಬೆಳೆದ ಗಿಡವಾದರೆ ಕಾಂಡ ನೆಲ ಸೇರುವ ಕಡೆ ಕೊಂಚ ಅಗಲವಾಗಿ, ಬೇರಿನ ಕಡೆಗೆ ಬಿಚ್ಚಿಕೊಳ್ಳುತ್ತದೆ. ಅದು ಗಿಡದ ಕೊರಳು. ಮಣ್ಣಿಗೆ ಚುಚ್ಚಿದ ಕೋಲಿನ ಹಾಗೆ ನೆಟ್ಟಗೆ ಒಳಗೆ ಹೋಗಿದ್ದರೆ ಕೊರಳು ಮುಚ್ಚಿಹೋಗಿದೆ. ಆದರೆ ಒಂದು ಮಾತು ನೆನಪಿರಲಿ. ಕೇಪಳ, ದಾಸವಾಳ, ನಂದಿಬಟ್ಟಲು, ಇಂಥವನ್ನು ನರ್ಸರಿಯಲ್ಲಿ ಹೆಚ್ಚಾಗಿ ಕಡ್ಡಿ ನೆಟ್ಟು ಬೆಳೆಸುತ್ತಾರೆ. ಕಡ್ಡಿಯ ಗಿಡಕ್ಕೆ ಸ್ಪಷ್ಟವಾದ ಕೊರಳು ಇರುವುದೇ ಇಲ್ಲ. ಅಲ್ಲಿ ಎಲ್ಲಕ್ಕಿಂತ ಮೇಲಿರುವ ದಪ್ಪ ಬೇರು ಎಲ್ಲಿದೆ ಅನ್ನುವುದೇ ಲೆಕ್ಕ.

ಕೆದಕಿ ನೋಡುವುದು

ಇದಕ್ಕೆ ದೊಡ್ಡ ಸಾಮಾನು ಬೇಡ. ಒಂದು ಕೈಕುರ್ಪಿ, ಹಳೆಯ ಪೇಂಟ್ ಬ್ರಷ್, ಅಳೆಯಲು ಸ್ಕೇಲು, ಒಂದು ಬಕೆಟ್ ನೀರು ಸಾಕು. ಗುದ್ದಲಿ ಬೇಡವೇ ಬೇಡ. ಗುದ್ದಲಿಯ ಒಂದು ಏಟು ಒಳ್ಳೆಯ ಬೇರನ್ನು ಕತ್ತರಿಸಿಬಿಡುತ್ತದೆ.

ಸೊರಗಿದ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು ಆರಿಸಿಕೊಳ್ಳಿ. ಎರಡನ್ನೂ ನೋಡಬೇಕು. ನಾನು ಮೊದಲ ಸಲ ಸೊರಗಿದ್ದನ್ನು ಮಾತ್ರ ಕೆದಕಿದ್ದೆ. ಚೆನ್ನಾಗಿದ್ದ ಗಿಡವನ್ನು ನೋಡಿದ ಮೇಲೆಯೇ ವ್ಯತ್ಯಾಸ ಅರ್ಥವಾಯಿತು. ಅಲ್ಲಿ ಮೊದಲ ಬೇರು ಒಂದೂವರೆ ಇಂಚಿಗೇ ಸಿಕ್ಕಿತ್ತು.

ಮೊದಲು ಹೊದಿಕೆಯನ್ನು, ಅಂದರೆ ಬುಡದ ಸುತ್ತ ಹರಡಿದ ಸಿಪ್ಪೆ, ನಾರಿನ ಹುಡಿ, ತರಗೆಲೆಯಂಥದ್ದನ್ನು, ಕೈಯಿಂದ ಸರಿಸಿ, ದಪ್ಪ ಎಷ್ಟಿದೆ ಅಳೆಯಿರಿ. ಸರಿಸುವಾಗ ಮೂಸಿ ನೋಡಿ. ಒಳ್ಳೆಯ ಹೊದಿಕೆಗೆ ಮಳೆ ಬಿದ್ದ ಕಾಡಿನ ವಾಸನೆ ಇರುತ್ತದೆ. ಹುಳಿ, ವಿನಿಗರ್, ಕೊಳೆತ ಮೊಟ್ಟೆ ಅಥವಾ ಅಮೋನಿಯಾದ ಘಾಟು ಬಂದರೆ ಗಾಳಿಯಿಲ್ಲದೆ ಕೊಳೆತಿದೆ ಎಂದರ್ಥ. ಇಂಥ ಹುಳಿ ಹಿಡಿದ ಹೊದಿಕೆಯನ್ನು ಹೊಸದಾಗಿ ತಂದು ಹಾಕಿದರೆ, ಆಳದ ತೊಂದರೆ ಇಲ್ಲದಿದ್ದರೂ ಕೆಲವೇ ದಿನಗಳಲ್ಲಿ ಎಲೆಯಂಚು ಸುಟ್ಟಂತೆ ಆಗಬಹುದು.

ಆಮೇಲೆ ಕಾಂಡಕ್ಕೆ ಒತ್ತಿದ ಹಾಗೆ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಬ್ರಷ್ ಮತ್ತು ನೀರು ಇದಕ್ಕೆ ಒಳ್ಳೆಯದು. ಕಾಂಡದಿಂದ ಕೂದಲಿನಂಥ ಬೇರುಗಳು ಹೊರಟಿರುವುದು ಕಂಡರೆ ಅಲ್ಲೇ ನಿಲ್ಲಬೇಡಿ. ಒದ್ದೆ ಹೊದಿಕೆಯೊಳಗೆ ಕಾಂಡ ಆಮೇಲೆ ಬಿಟ್ಟ ಬೇರುಗಳು ಅವು. ಬಿರುಬೇಸಗೆಯಲ್ಲಿ ಹೊದಿಕೆ ಒಣಗಿದರೆ ಅವೂ ಒಣಗುತ್ತವೆ. ಪೆನ್ಸಿಲ್ ದಪ್ಪದ ಬೇರು ಪಕ್ಕಕ್ಕೆ ಹರಿಯುವ ಜಾಗ ಸಿಗುವವರೆಗೆ ಹೋಗಿ, ಅಲ್ಲಿಂದ ನೆಲದ ಮಟ್ಟಕ್ಕೆ ಅಳೆಯಿರಿ.

ನನ್ನ ಲೆಕ್ಕ ಹೀಗಿದೆ. ಮಣ್ಣಿನ ಮೇಲ್ಮೈಯಿಂದ ಮೊದಲ ದಪ್ಪ ಬೇರು 1ರಿಂದ 2 ಇಂಚಿನೊಳಗೆ ಇದ್ದರೆ ಆಳದ ತೊಂದರೆ ಇಲ್ಲ, ಬೇರೆ ಕಾರಣ ಹುಡುಕಿ. 3 ಇಂಚು ಇದ್ದು ಮಣ್ಣು ಜಿಗುಟಾಗಿದ್ದರೆ ಅನುಮಾನ ಗಟ್ಟಿ. 4 ಇಂಚು ಅಥವಾ ಜಾಸ್ತಿ ಇದ್ದರೆ ಮೊದಲು ಇದನ್ನೇ ಸರಿ ಮಾಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಯೋಚಿಸಿ.

ಕೊನೆಯದಾಗಿ, ಮುಚ್ಚಿಹೋಗಿದ್ದ ಕಾಂಡದ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕೆಳಗೆ ಹಸಿರು ಅಥವಾ ಕೆನೆಬಣ್ಣ ಕಂಡರೆ ಜೀವ ಇದೆ. ಕಂದು ಬಣ್ಣ, ಮೆತ್ತಗೆ, ಬೆರಳಿಗೆ ಜಾರುವ ಹಾಗಿದ್ದರೆ ಅಲ್ಲಿ ಕೊಳೆ ಹತ್ತಿದೆ. ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ. ಎಷ್ಟು ಸುತ್ತು ಕೊಳೆತಿದೆ ಅನ್ನುವುದರ ಮೇಲೆ ಗಿಡ ಉಳಿಯುತ್ತದೋ ಇಲ್ಲವೋ ನಿಂತಿದೆ.

ಹೊದಿಕೆಯಲ್ಲಿ ಬಿಳಿ ಎಳೆಗಳು ಕಂಡರೆ ಗಾಬರಿ ಬೇಡ. ಸಿಪ್ಪೆ, ತರಗೆಲೆಯನ್ನು ಕರಗಿಸುವ ಶಿಲೀಂಧ್ರ ಅದು, ಗಿಡದ ತಂಟೆಗೆ ಬರುವುದಿಲ್ಲ. ಆದರೆ ಕಾಂಡದ ತೊಗಟೆಯ ಮೇಲೇ ಬೀಸಣಿಗೆಯ ಹಾಗೆ ಬಿಳಿ ಎಳೆ ಹರಡಿದ್ದು, ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ತರುವ ಬುಡಕೊಳೆ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಆ ಹೊದಿಕೆಯನ್ನು ಇನ್ನೊಂದು ಗಿಡದ ಬುಡಕ್ಕೆ ಖಂಡಿತ ಹಾಕಬಾರದು.

ಒಳಗೆ ಏನಾಗುತ್ತದೆ

ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇಳಿದು ಬರುವ ಆಮ್ಲಜನಕವೇ ಅದಕ್ಕೆ ಆಧಾರ. ಆ ಸಂದುಗಳಲ್ಲಿ ನೀರು ತುಂಬಿದರೆ ಕಥೆ ಬದಲಾಗುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಪೊದೆಗಿಡಗಳ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಅರ್ಧದಿಂದ ಒಂದು ಅಡಿ ಮಣ್ಣಿನಲ್ಲೇ ಇರುವುದಕ್ಕೆ ಇದೂ ಒಂದು ಕಾರಣ. ಗಾಳಿ ಸಿಗುವುದು ಅಲ್ಲೇ. ನಾವು ಮೇಲೆ ಮಣ್ಣು, ಸಿಪ್ಪೆ ಪೇರಿಸಿದಷ್ಟೂ ಆ ಬೇರುಗಳು ಗಾಳಿಯಿಂದ ದೂರವಾಗುತ್ತವೆ.

ಕಾಂಡದ ಕಷ್ಟ ಬೇರೆ. ಬೇರಿನ ಸಿಪ್ಪೆ ಒದ್ದೆಯಲ್ಲಿ ಬಾಳಲು ತಯಾರಾಗಿದೆ, ಕಾಂಡದ ತೊಗಟೆ ಹಾಗಿಲ್ಲ. ಅದಕ್ಕೆ ಗಾಳಿ, ಬೆಳಕು, ಮಳೆ ನಿಂತ ಮೇಲೆ ಒಣಗುವುದು, ಇವೆಲ್ಲ ಬೇಕು. ದಿನವಿಡೀ ಒದ್ದೆಯಾಗಿದ್ದರೆ ಮೆತ್ತಗಾಗಿ ಬಿರುಕು ಬಿಡುತ್ತದೆ. ಅಲ್ಲಿಂದ ರೋಗ ಒಳಗೆ ನುಗ್ಗುತ್ತದೆ. ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ ತರುವ ಫೈಟಾಫ್ತೊರಾ ಗೊತ್ತಲ್ವಾ? ಅದೇ ಕುಲದ ಜೀವಿಗಳು ಹೂಗಿಡಗಳ ಬುಡವನ್ನೂ ಕೊಳೆಸುತ್ತವೆ. ಇವುಗಳ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ನಿಂತ ನೀರು ಅವಕ್ಕೆ ದಾರಿ ಮಾಡಿಕೊಟ್ಟಂತೆ.

ಮಲೆನಾಡಿನವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಅಡಿಕೆ ತೋಟಕ್ಕೆ ಸೊಪ್ಪು ಹಾಕಿ ಹೊಸ ಮಣ್ಣು ಕೊಡುತ್ತೇವಲ್ಲ, ಅದಕ್ಕೇನೂ ಆಗುವುದಿಲ್ಲವಲ್ಲ? ಬಯಲುಸೀಮೆಯಲ್ಲೂ ಕಬ್ಬಿಗೆ, ಬಾಳೆಗೆ, ಶುಂಠಿಗೆ, ಆಲೂಗಡ್ಡೆಗೆ ಮಣ್ಣು ಏರಿಸುತ್ತಾರಲ್ಲ? ನಿಜ. ಅವುಗಳಿಗೆ ಅದು ಸರಿಯಾದ ಕೆಲಸ. ಅಡಿಕೆ, ತೆಂಗು, ಬಾಳೆ, ಕಬ್ಬು ಬೀಜದಲ್ಲಿ ಒಂದೇ ಬೇಳೆ ಇರುವ (ಏಕದಳ) ಜಾತಿಗೆ ಸೇರಿದವು. ಬುಡದಿಂದ ಮೇಲೆ ಮೇಲೆ ಹೊಸ ಬೇರು ಬಿಡುತ್ತಲೇ ಇರುತ್ತವೆ. ಆಲೂಗಡ್ಡೆ, ಶುಂಠಿಯಲ್ಲಿ ನಮಗೆ ಬೇಕಾದದ್ದೇ ಮಣ್ಣಿನೊಳಗಿನ ಗೆಡ್ಡೆ. ದಾಸವಾಳ, ಕೇಪಳ, ಕಾಗದದ ಹೂ, ಇವು ಬೇರೆ ಕಟ್ಟಿನ ಗಿಡಗಳು. ಇವುಗಳ ಜೀವನಾಳ ಇರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಅಲ್ಲೇ. ಬುಡದ ಸುತ್ತ ಆ ಪದರ ಕೊಳೆತರೆ ಬೇರು ಉಪವಾಸ ಬೀಳುತ್ತದೆ.

ಬುಡಕ್ಕೆ ಮಣ್ಣು ಏರಿಸಿದರೆ ಗಿಡ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು ಹೊಲದಿಂದ ನಮ್ಮ ಕೈಗೆ ಬಂದ ಅಭ್ಯಾಸ. ತೋಟದ ಕೆಲಸಕ್ಕೆ ಬರುವವರೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಅವರನ್ನು ಬೈಯುವುದಕ್ಕಿಂತ, ಒಂದು ಗಿಡವನ್ನು ಕೆದಕಿ ತೋರಿಸುವುದು ಒಳ್ಳೆಯದು. ಒಮ್ಮೆ ಕಣ್ಣಾರೆ ನೋಡಿದವರು ಮತ್ತೆ ಮಣ್ಣು ಏರಿಸಿದ್ದು ನಾನು ನೋಡಿಲ್ಲ.

ಗಿಡ ಆಳಕ್ಕೆ ಹೋಗಿದ್ದು ಹೇಗೆ

ಕಾರಣ ಗೊತ್ತಾಗದೆ ಸರಿ ಮಾಡಿದರೆ ಮುಂದಿನ ವರ್ಷ ಮತ್ತೆ ಅದೇ ಆಗುತ್ತದೆ. ಕೆಲವೊಮ್ಮೆ ಗುಂಡಿಯೇ ಆಳವಾಗಿರುತ್ತದೆ. ಎರಡು ಅಡಿ ಅಗೆದು, ತಳಕ್ಕೆ ಸಡಿಲ ಮಣ್ಣು, ಗೊಬ್ಬರ ತುಂಬಿ, ಅದರ ಮೇಲೆ ಗಿಡ ಇಡುತ್ತಾರೆ. ಇಟ್ಟ ದಿನ ಮಟ್ಟ ಸರಿಯಾಗಿಯೇ ಇರುತ್ತದೆ. ಗೊಬ್ಬರ ಕರಗಿ, ನಾಲ್ಕು ಮಳೆ ಬಿದ್ದು ಮಣ್ಣು ಕುಸಿದಾಗ ಗಿಡವೂ ಕೆಳಗಿಳಿಯುತ್ತದೆ. ಸುತ್ತ ಬಾವಿಯಂಥ ತಗ್ಗು. ಆ ತಗ್ಗು ತುಂಬಲು ಮತ್ತೆ ಮಣ್ಣು.

ಇನ್ನು ಕೆಲವೊಮ್ಮೆ ನರ್ಸರಿಯ ಕವರಿನಲ್ಲೇ ಗಿಡ ಆಳದಲ್ಲಿರುತ್ತದೆ. ಸಣ್ಣ ಕವರಿನಿಂದ ದೊಡ್ಡ ಕವರಿಗೆ ಬದಲಾಯಿಸುವಾಗ ಮೇಲೆ 2 ಇಂಚು ಮಣ್ಣು ತುಂಬಿರುತ್ತಾರೆ. ಕವರಿನ ಮಟ್ಟಕ್ಕೆ ಸರಿಯಾಗಿ ನೆಟ್ಟರೂ ಬೇರು ಆಳದಲ್ಲೇ ಉಳಿಯುತ್ತದೆ. ನೆಡುವ ಮೊದಲು ಕವರಿನ ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿ ಮೊದಲ ಬೇರು ಹುಡುಕಿ. ಎರಡು ನಿಮಿಷದ ಕೆಲಸ.

ನಮ್ಮ ಮನೆಯಲ್ಲಿ ಆದದ್ದು ಮೂರನೆಯದು. ವರ್ಷಕ್ಕೆ ಎರಡು ಸಲ, ಹಳೆಯದು ಕರಗಿದೆಯಾ ಅಂತ ನೋಡದೆ ಹೊಸ ಹೊದಿಕೆ ಸುರಿದಿದ್ದೆವು. ತೆಂಗಿನ ಸಿಪ್ಪೆ ಬೇಗ ಕರಗುವ ಸಾಮಾನಲ್ಲ. ಪ್ರತಿ ಸಲ 2 ಇಂಚು ಸೇರುತ್ತಾ ಹೋಯಿತು.

ಹೊದಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಹೊದಿಕೆ ಇಲ್ಲದ ಕೆಂಪು ಮಣ್ಣು ಹೇಗೆ ಕಾದು ಗಟ್ಟಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. 2ರಿಂದ 3 ಇಂಚು ಇದ್ದರೆ ಅದು ಗಿಡಕ್ಕೆ ವರ. ತರಗೆಲೆ, ಸಿಪ್ಪೆಯ ಚೂರಿನಂಥ ದೊರಗು ಸಾಮಾನಾದರೆ 3 ಇಂಚು, ನಾರಿನ ಹುಡಿಯಂಥ ಸಣ್ಣದಾದರೆ 1ರಿಂದ 2 ಇಂಚು ಸಾಕು. ಕಾಂಡದಿಂದ 3-4 ಇಂಚು ದೂರ ಇರಬೇಕು. ನೋಡಲು ತಟ್ಟೆಯ ಅಂಚಿನ ಹಾಗಿರಬೇಕು, ಗೋಪುರದ ಹಾಗಲ್ಲ.

ನಾರಿನ ಹುಡಿಗೆ ಇನ್ನೊಂದು ಗುಣ ಇದೆ. ಒದ್ದೆಯಿದ್ದರೆ ನೀರು ಹಿಡಿದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕೆಲವೊಮ್ಮೆ ಬೇಗ ನೀರು ಕುಡಿಯುವುದೇ ಇಲ್ಲ. ಮೇಲೆ ಹಾಕಿದ ನೀರು ಪಕ್ಕಕ್ಕೆ ಜಾರುತ್ತದೆ. ದಪ್ಪ ಹೊದಿಕೆಯಾದರೆ ಸಣ್ಣ ಮಳೆಯ ನೀರೆಲ್ಲ ಅದರಲ್ಲೇ ಇಂಗಿ ಕೆಳಗಿನ ಮಣ್ಣು ಒಣಗಿಯೇ ಇರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೊಳೆ, ಬೇಸಗೆಯಲ್ಲಿ ಬರ, ಎರಡೂ ಒಂದೇ ಗಿಡಕ್ಕೆ ಬರಬಹುದು. ಲಾನ್ ಕತ್ತರಿಸಿದ ಹಸಿ ಹುಲ್ಲನ್ನು ದಪ್ಪಗೆ ಹಾಕುವುದೂ ಕೆಟ್ಟದ್ದು. ಅದು ಚಾಪೆಯಂತೆ ಅಂಟಿಕೊಂಡು, ಕಾವು ಏರಿ ಕೊಳೆಯುತ್ತದೆ. ಒಣಗಿಸಿ ತೆಳ್ಳಗೆ ಹರಡಿ. ಬೆಣಚುಕಲ್ಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅದನ್ನು ಕಿತ್ತುಹಾಕಿ. ಗಾಳಿಗೂ ನೀರಿಗೂ ಅದು ತಡೆ.

ಬೇರೆ ಕಾರಣವೂ ಇರಬಹುದು

ಬುಡ ನೋಡಿ ಎಲ್ಲ ಸರಿಯಿದ್ದರೆ ಸುಮ್ನೆ ಆಳವನ್ನೇ ದೂರಬೇಡಿ. ಒಂದೇ ರೆಂಬೆ ಒಣಗಿ ಮಿಕ್ಕಿದ್ದು ಹಸಿರಾಗಿದ್ದರೆ ಕಾಂಡ ಕೊರೆಯುವ ಹುಳುವಿನ ತೂತು ಹುಡುಕಿ. ದಾಸವಾಳದ ತುದಿ ಮುದುರಿ ಬಿಳಿ ಹಿಟ್ಟಿನಂತಿದ್ದರೆ ಹಿಟ್ಟು ತಿಗಣೆ. ಗಿಡ ಕೈಯಲ್ಲಿ ಅಲುಗಾಡಿ ಬೇರೇ ಇಲ್ಲದಂತಿದ್ದರೆ ಗೊಣ್ಣೆಹುಳು ಇರಬಹುದು. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು.

ಕೇಪಳದಲ್ಲಿ ನಿಜವಾಗಿ ಗೊಂದಲ ಮಾಡುವುದು ಸುಣ್ಣ. ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ಕೇಪಳಕ್ಕೆ ಹುಳಿಮಣ್ಣು ಇಷ್ಟ. ಗೋಡೆ ಪಕ್ಕದಲ್ಲಿ ಸಿಮೆಂಟ್, ಗಾರೆಯ ಚೂರು ಹೂತಿದ್ದರೆ, ಅಥವಾ ಗಡಸು ಬೋರ್‌ವೆಲ್ ನೀರೇ ಕೊಡುತ್ತಿದ್ದರೆ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಒಂದೇ ರೆಂಬೆಗೆ ಸಂಜೆ ಸಿಂಪಡಿಸಿ ಗುರುತು ಕಟ್ಟಿ. ಒಂದೆರಡು ವಾರದಲ್ಲಿ ಆ ರೆಂಬೆ ಮಾತ್ರ ಹಸಿರಾದರೆ ಕಬ್ಬಿಣ ಬೇಕಿತ್ತು ಅಂತ ಗೊತ್ತಾಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಉಸಿರು ಕಟ್ಟಿದ ಬೇರೂ ಕಬ್ಬಿಣ ಎತ್ತಲಾರದು. ನಮ್ಮ ಗಿಡಗಳಲ್ಲೂ ಈ ಪರೀಕ್ಷೆ ಹಸಿರು ತೋರಿಸಿತ್ತು, ಅದನ್ನೇ ನಂಬಿ ನಾನು ಎರಡು ತಿಂಗಳು ಕಳೆದುಕೊಂಡೆ.

ಸರಿ ಮಾಡುವುದು

ಹೊದಿಕೆ ಮಾತ್ರ ಜಾಸ್ತಿ ಆಗಿದ್ದರೆ ಅದು ಸುಲಭ. ಮೋಡದ ದಿನ ಅಥವಾ ಸಂಜೆ ಕಾಂಡದಿಂದ ದೂರ ಎಳೆಯಿರಿ. ತಿಂಗಳುಗಟ್ಟಲೆ ಕತ್ತಲಲ್ಲಿದ್ದ ತೊಗಟೆಗೆ ಒಮ್ಮೆಲೇ ಉರಿಬಿಸಿಲು ಬೀಳುವುದು ಬೇಡ.

ಮೇಲೆ ಮಣ್ಣು ಸೇರಿದ್ದರೆ ಹಳೆಯ ಮಟ್ಟದವರೆಗೆ ತೆಗೆಯಿರಿ. ಕಾಂಡದ ಸುತ್ತ ಮಾತ್ರ ಬಾವಿ ತೋಡಿದಂತೆ ತೆಗೆದರೆ ಮಳೆನೀರು ಅಲ್ಲೇ ನಿಂತು ಮೊದಲಿಗಿಂತ ಕೆಟ್ಟದಾಗುತ್ತದೆ. ಅಗಲವಾಗಿ, ಇಳಿಜಾರಾಗಿ ತೆಗೆದು, ನೀರು ಹೊರಗೆ ಹರಿಯಲು ಒಂದು ಕಡೆ ದಾರಿ ಮಾಡಿ.

ನೆಟ್ಟದ್ದೇ ಆಳವಾಗಿದ್ದು, ಗಿಡಕ್ಕೆ ಎರಡು ವರ್ಷದೊಳಗಿನ ವಯಸ್ಸಾದರೆ ಎತ್ತಿ ಮತ್ತೆ ನೆಡುವುದೇ ಒಳ್ಳೆಯದು. ಇದಕ್ಕೆ ಜೂನ್, ಜುಲೈ ಸರಿಯಾದ ಕಾಲ. ಹಿಂದಿನ ದಿನ ನೀರು ಕೊಡಿ. ಸುತ್ತ ಅಗೆದು ಮಣ್ಣಿನ ಹೆಂಟೆ ಒಡೆಯದಂತೆ, ಗೋಣಿಚೀಲದ ಮೇಲೆ ಎತ್ತಿ. ಗುಂಡಿಯ ತಳಕ್ಕೆ ಅದೇ ತೋಟದ ಮಣ್ಣು ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ. ಗೊಬ್ಬರ ತಳಕ್ಕೆ ಬೇಡ. ಮೊದಲ ಬೇರು ನೆಲಮಟ್ಟಕ್ಕಿಂತ ಅರ್ಧ ಇಂಚು ಮೇಲೇ ಇದ್ದರೂ ಪರವಾಗಿಲ್ಲ, ಸ್ವಲ್ಪ ಕುಸಿಯುತ್ತದೆ. ಜಿಗುಟು ಮಣ್ಣಾದರೆ ಇನ್ನೂ ಒಂದು ಇಂಚು ಎತ್ತರಿಸಿ. ಗುಂಡಿಯಲ್ಲಿ ನೀರು ತುಂಬಿ ನೋಡಿ. ರಾತ್ರಿ ಕಳೆದರೂ ಇಂಗದಿದ್ದರೆ ಅಲ್ಲಿ ದಿಬ್ಬ ಮಾಡಿಯೇ ನೆಡಬೇಕು.

ಹಳೆಯ, ದೊಡ್ಡ ಗಿಡವನ್ನು ಎತ್ತಬೇಡಿ. ಬುಡ ಬಿಡಿಸಿ. ಆಗ ಕಾಂಡವನ್ನು ಹಗ್ಗದಂತೆ ಸುತ್ತಿಕೊಂಡ ಬೇರು ಕಾಣಬಹುದು. ಸಣ್ಣದಾದರೆ ಚೂಪಾದ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ದಪ್ಪವಾದದ್ದು ಎರಡು ಮೂರು ಇದ್ದರೆ ಒಂದೇ ದಿನ ಎಲ್ಲ ಕತ್ತರಿಸಬೇಡಿ, ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು.

ಕೊಳೆ ಸುತ್ತಲೂ ಆವರಿಸಿದ್ದರೆ ಗಿಡ ಉಳಿಯುವುದಿಲ್ಲ. ಕಿತ್ತು, ಬುಡದ ಮಣ್ಣನ್ನೂ ತೆಗೆದುಬಿಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಕೊಳೆತ ತೊಗಟೆ ಕೆರೆದು, ಒಣಗಲು ಬಿಟ್ಟು, ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಸೇರಿಸಿದ ಲೇಪ) ಹಚ್ಚಿ. ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿದ ನೀರು ಹಾಕಬಹುದು. ಬುಡ ಬಿಡಿಸದೆ ಔಷಧ ಮಾತ್ರ ಹಾಕಿದರೆ ದುಡ್ಡು ದಂಡ. ಹೊಸ ಚಿಗುರು ಬರುವವರೆಗೆ ಗೊಬ್ಬರ ಕೊಡಬೇಡಿ. ಒಣಗಿದ ರೆಂಬೆ ಮಾತ್ರ ತೆಗೆಯಿರಿ, ಹಸಿರು ಎಲೆ ಬೇರಿಗೆ ಊಟ ಕೊಡುತ್ತಿದೆ.

ಕಸಿ ಗುಲಾಬಿಯಾದರೆ ಕಸಿಯ ಗಂಟು ಮಣ್ಣಿನ ಮೇಲೇ ಕಾಣಬೇಕು. ಅಡೀನಿಯಂನ ಉಬ್ಬಿದ ಬುಡವನ್ನಂತೂ ಹೂಳಲೇಬಾರದು. ಮಲ್ಲಿಗೆಯಂಥ ಬಳ್ಳಿ ಮಾತ್ರ ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುವುದರಿಂದ ಸ್ವಲ್ಪ ತಡೆದುಕೊಳ್ಳುತ್ತದೆ.

ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಕೇಪಳ ತಾನಾಗಿ ಬೆಳೆಯುತ್ತದೆ. ಅಲ್ಲಿಗೆ ಹೋದಾಗ ಬಗ್ಗಿ ನೋಡಿ. ಸುತ್ತ ತೆಳ್ಳಗೆ ತರಗೆಲೆ ಇರುತ್ತದೆ, ಬುಡ ಬಯಲಲ್ಲಿರುತ್ತದೆ, ಅಷ್ಟು ಮಳೆ ಬಿದ್ದರೂ ನೀರು ಜಾರಿಹೋಗುತ್ತದೆ.

ನಮ್ಮ 7 ಗಿಡಗಳಲ್ಲಿ 2 ಸತ್ತವು. ಅವುಗಳ ಬುಡ ಸುತ್ತಲೂ ಕೊಳೆತಿತ್ತು. ಮಿಕ್ಕ 5 ಗಿಡಗಳನ್ನು ಜೂನ್‌ನಲ್ಲಿ ಎತ್ತಿ ನೆಟ್ಟೆ. ಎರಡು ತಿಂಗಳು ಏನೂ ಆಗಲಿಲ್ಲ, ಇನ್ನಷ್ಟು ಎಲೆ ಉದುರಿದವು. ಆಗಸ್ಟ್ ಕೊನೆಯಲ್ಲಿ ಬುಡದ ಹತ್ತಿರದ ಗೆಣ್ಣುಗಳಲ್ಲಿ ಕೆಂಗಂದು ಚಿಗುರು ಕಂಡಿತು. ಈಗ ಪ್ರತಿ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಸ್ಕೇಲು ಹಿಡಿದು 16 ಗಿಡಗಳ ಬುಡವನ್ನೂ ಅಳೆಯುತ್ತೇನೆ. ಹೊದಿಕೆ 2 ಇಂಚಿಗಿಂತ ಕಡಿಮೆ ಇರುವ ಗಿಡಕ್ಕೆ ಮಾತ್ರ ಹೊಸದು ಬೀಳುತ್ತದೆ.